ನಿಮ್ಮ ಹೆಸರಿಗೂ ಒಂದು ದಾಖಲೆ ಇರಲಿ
ಹೈನುಗಾರ ಮಹಿಳೆಯರಿಗೆ ಸಾಲದ ಅಂಕ ಮತ್ತು ಕಾರ್ಡುಗಳ ಪಾಠ



ಕೆಚ್ಚಲು ಬಾವು, ಗರ್ಭ ಕಟ್ಟದಿರುವುದು, ಹಸಿರು ಮೇವು, ಖನಿಜ ಮಿಶ್ರಣ ಎಂದು ಬರೆಯುತ್ತಿದ್ದ ನಾನು ಈ ಸಲ ಹಸುವನ್ನು ಸ್ವಲ್ಪ ಬದಿಗಿಟ್ಟು ಹಸುವಿನ ಯಜಮಾನಿಯ ವಿಷಯ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ಒಂದು ಮಹಿಳಾ ಡೇರಿಯ ಮುಂದೆ ಬರಡು ರಾಸುಗಳ ಶಿಬಿರ ನಡೆದಿತ್ತು. ಎಲ್ಲ ಮುಗಿದು ನಾನು ಕೈ ತೊಳೆಯುತ್ತಿದ್ದಾಗ ಒಬ್ಬ ಅಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಡಾಕ್ಟ್ರಮ್ಮ, ಹಸು ಕೊಳ್ಳೋಕೆ ಸಾಲ ಕೇಳಿದ್ರೆ ಬ್ಯಾಂಕಿನೋರು ನನಗೆ ಸ್ಕೋರ್ ಇಲ್ಲ ಅಂದ್ರು. ಇದು ಹಸೀಗೆ ಬರೋ ಕಾಯಿಲೇನಾ, ಮನುಷ್ಯರಿಗೆ ಬರೋ ಕಾಯಿಲೇನಾ?"

ಅಲ್ಲಿದ್ದವರೆಲ್ಲ ನಕ್ಕರು. ಆ ಅಕ್ಕನಿಗೆ ಮಾತ್ರ ನಗು ಬರಲಿಲ್ಲ. 11 ವರ್ಷದಿಂದ ಡೇರಿಗೆ ಹಾಲು ಹಾಕುತ್ತಿದ್ದಾರೆ. ಬೆಳಗಿನ 5 ಗಂಟೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹೊತ್ತು ತರುವವರು ಅವರೇ. ಒಂದು ಪೈಸೆ ಯಾರಿಗೂ ಬಾಕಿ ಉಳಿಸಿಕೊಂಡವರಲ್ಲ. ಆದರೂ ಬ್ಯಾಂಕಿನ ಲೆಕ್ಕದಲ್ಲಿ ಅವರು ಯಾರೂ ಅಲ್ಲ! ವಿಚಾರಿಸಿದಾಗ ಕಾರಣ ತಿಳಿಯಿತು. ಮೊದಲು ಬೇರೆ ಡೇರಿಗೆ ಹಾಲು ಹಾಕುತ್ತಿದ್ದಾಗ ಸದಸ್ಯತ್ವ ಗಂಡನ ಹೆಸರಿನಲ್ಲಿತ್ತು, ಬಟವಾಡೆ ಗಂಡನ ಖಾತೆಗೆ ಹೋಗುತ್ತಿತ್ತು. ಮಹಿಳಾ ಡೇರಿಗೆ ಬಂದ ಮೇಲೂ ಹಾಲಿನ ಹಣ ಬೀಳುತ್ತಿದ್ದದ್ದು ಮಗನ ಖಾತೆಗೆ. ಅವರ ಸ್ವಂತ ಹೆಸರಿನಲ್ಲಿ ಒಂದು ಸಾಲವೂ ಇರಲಿಲ್ಲ, ಒಂದು ಠೇವಣಿಯೂ ಇರಲಿಲ್ಲ.

ಅವರೊಬ್ಬರದೇ ಕಥೆಯಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನರ ಹಾಲಿನ ಹಣ ನಿಮ್ಮದೇ ಖಾತೆಗೆ ಬರುತ್ತಿದೆ? ಒಮ್ಮೆ ಯೋಚಿಸಿ, ಮುಂದೆ ಓದಿ.

ಸಾಲದ ಅಂಕ ಎಂದರೇನು?

ನೀವು ಸಂತೆಯಲ್ಲಿ ಹಸು ಕೊಳ್ಳಲು ಹೋದಾಗ ಏನು ಕೇಳುತ್ತೀರಿ? ಎಷ್ಟನೇ ಸೂಲು? ಹಿಂದಿನ ಸೂಲಿನಲ್ಲಿ ಎಷ್ಟು ಲೀಟರ್ ಕೊಟ್ಟಿತ್ತು? ಕೆಚ್ಚಲು ಬಾವು ಬಂದಿತ್ತೇ? ಸರಿಯಾಗಿ ಬೆದೆಗೆ ಬರುತ್ತದೆಯೇ? ಮಾರುವವನ ಬಾಯಿ ಮಾತು ನಂಬದೆ ಕಿವಿ ಓಲೆಯ 12 ಅಂಕಿಯ ಸಂಖ್ಯೆ ನೋಡಿ, ಕೃತಕ ಗರ್ಭಧಾರಣೆಯ ದಾಖಲೆ ಕೇಳುವ ಜಾಣೆಯರೂ ಇದ್ದೀರಿ.

ಬ್ಯಾಂಕಿನವರು ನಿಮ್ಮ ವಿಷಯದಲ್ಲಿ ಮಾಡುವುದೂ ಇದನ್ನೇ. ಹಸುವಿಗೆ ಕಿವಿ ಓಲೆ ಇದ್ದ ಹಾಗೆ ನಿಮಗೆ ಪ್ಯಾನ್ ಕಾರ್ಡ್. ಆ ಸಂಖ್ಯೆ ಹಾಕಿದರೆ ನೀವು ಹಿಂದೆ ಯಾವ ಸಾಲ ತೆಗೆದಿರಿ, ಯಾವ ಕಂತನ್ನು ಯಾವಾಗ ಕಟ್ಟಿದಿರಿ ಎಂಬ ಚರಿತ್ರೆ ಬರುತ್ತದೆ. ಇದನ್ನು ಸಾಲದ ವರದಿ ಎನ್ನುತ್ತಾರೆ. ಆ ಚರಿತ್ರೆಯನ್ನೆಲ್ಲ ಒಂದೇ ಸಂಖ್ಯೆಯಲ್ಲಿ ಹೇಳುವುದು ಸಾಲದ ಅಂಕ, ಅಂದರೆ ಕ್ರೆಡಿಟ್ ಸ್ಕೋರ್. ಇದು 300ರಿಂದ 900ರವರೆಗೆ ಇರುತ್ತದೆ. 750 ದಾಟಿದರೆ ಸಾಮಾನ್ಯವಾಗಿ ಒಳ್ಳೆಯ ಅಂಕವೆಂದು ಬ್ಯಾಂಕುಗಳು ನೋಡುತ್ತವೆ.

ನಾವೆಲ್ಲ ಇದನ್ನು 'ಸಿಬಿಲ್' ಎಂದೇ ಕರೆಯುತ್ತೇವೆ. ಅದು ಒಂದು ಕಂಪನಿಯ ಹೆಸರು. 2005ರ ಕಾನೂನಿನಡಿ ನಮ್ಮ ದೇಶದಲ್ಲಿ ಈ ಕೆಲಸ ಮಾಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು, ಮೈಕ್ರೋಫೈನಾನ್ಸ್ ಸಂಸ್ಥೆಗಳು ನಿಮ್ಮ ಕಂತಿನ ಮಾಹಿತಿಯನ್ನು ಇವರಿಗೆ ಕಳಿಸುತ್ತವೆ. 2025ರ ಜನವರಿಯಲ್ಲಿ 15 ದಿನಕ್ಕೊಮ್ಮೆ ಕಳಿಸಬೇಕೆಂಬ ನಿಯಮ ಜಾರಿಗೆ ಬಂತು.

ನಿಮ್ಮ ಡೇರಿಯಲ್ಲಿ ನೀವು ಪಡೆಯುವ ಮುಂಗಡ, ಸಾಲವಾಗಿ ತಂದು ಬಟವಾಡೆಯಲ್ಲಿ ಮುರಿದುಕೊಳ್ಳುವ ಪಶು ಆಹಾರ, ಅಂಗಡಿಯ ಖಾತಾ ಪುಸ್ತಕ, ಊರಿನ ಚೀಟಿ ವ್ಯವಹಾರ, ಇವ್ಯಾವುದೂ ಆ ವರದಿಗೆ ಹೋಗುವುದಿಲ್ಲ. ನೀವು 11 ವರ್ಷ ನಿಯತ್ತಾಗಿ ನಡೆದುಕೊಂಡದ್ದು ಊರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆ ಅಕ್ಕನಿಗೆ 'ಸ್ಕೋರ್ ಇಲ್ಲ' ಎಂದದ್ದರ ಅರ್ಥ ಇಷ್ಟೇ.

ಕಡಸಿಗೆ ಹಾಲಿನ ದಾಖಲೆ ಇರುವುದಿಲ್ಲ

ಅಂಕ ಇಲ್ಲದಿರುವುದು ಬೇರೆ, ಅಂಕ ಕೆಟ್ಟಿರುವುದು ಬೇರೆ. ಇನ್ನೂ ಕರು ಹಾಕದ ಕಡಸಿಗೆ ಹಾಲಿನ ದಾಖಲೆ ಎಲ್ಲಿಂದ ಬರಬೇಕು? ಅದು ಕಡಸಿನ ತಪ್ಪಲ್ಲ. ಇದುವರೆಗೆ ಸಾಲವನ್ನೇ ಮಾಡದವರ ವರದಿಯಲ್ಲಿ ಅಂಕದ ಬದಲು 'ಚರಿತ್ರೆ ಇಲ್ಲ' ಎಂಬ ಗುರುತು ಅಥವಾ –1 ಎಂದು ಬರುತ್ತದೆ. ಇದನ್ನು ನೋಡಿ ಗಾಬರಿಯಾಗಬೇಡಿ.

ಇನ್ನೊಂದು ಮಾತು ನೆನಪಿಡಿ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು, ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿದೆ. ಆದ್ದರಿಂದ ಯಾರಾದರೂ ಹಾಗೆ ಹೇಳಿದರೆ ತಲೆ ತಗ್ಗಿಸಿ ಎದ್ದು ಬರಬೇಡಿ. "ಸ್ವಾಮಿ, ನನಗೆ ಇದು ಮೊದಲ ಸಾಲ. ನನ್ನ ಹಾಲಿನ ಲೆಕ್ಕ ಇಲ್ಲಿದೆ, ನೋಡಿ" ಎಂದು ಪಾಸ್ ಪುಸ್ತಕ ಮುಂದಿಡಿ. ಆದರೆ ಮುಂದಿಡಲು ಆ ಪುಸ್ತಕ ನಿಮ್ಮ ಹೆಸರಿನಲ್ಲಿರಬೇಕು. ಆದ್ದರಿಂದ ಶುರು ಮಾಡಬೇಕಾದದ್ದು ಇಲ್ಲಿಂದ.

ಮೊದಲ ಹೆಜ್ಜೆ: ಹಾಲು ನಿಮ್ಮದು, ಖಾತೆಯೂ ನಿಮ್ಮದಾಗಲಿ

1. ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಕೇಳಿ, ಷೇರು ಹಣ ಕಟ್ಟಿ ನೀವೇ ಸದಸ್ಯರಾಗಿ. ಹಾಲಿನ ಲೆಕ್ಕ ನಿಮ್ಮ ಹೆಸರಿನಲ್ಲಿ ಬರಲಿ.

2. ಬಟವಾಡೆ ಮತ್ತು ಸರ್ಕಾರದ ಪ್ರೋತ್ಸಾಹಧನ ನಿಮ್ಮ ಸ್ವಂತ ಬ್ಯಾಂಕ್ ಖಾತೆಗೆ ಜಮೆಯಾಗಲಿ. ಒಂದು ವರ್ಷ ತಪ್ಪದೆ ಹಣ ಬಿದ್ದ ಖಾತೆಯೇ ನಿಮ್ಮ ಆದಾಯಕ್ಕೆ ಸಾಕ್ಷಿ. ಹಣ ಬಿದ್ದ ದಿನವೇ ಪೂರ್ತಿ ತೆಗೆದು ಖಾಲಿ ಮಾಡಬೇಡಿ. ಸ್ವಲ್ಪವಾದರೂ ಉಳಿಯಲಿ.

3. ಪ್ಯಾನ್ ಇಲ್ಲದಿದ್ದರೆ ಮಾಡಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಇ-ಪ್ಯಾನ್ ಉಚಿತವಾಗಿ ಸಿಗುತ್ತದೆ.

4. ಬ್ಯಾಂಕಿಗೆ ಕೊಡುವ ಮೊಬೈಲ್ ಸಂಖ್ಯೆ ನಿಮ್ಮದೇ ಆಗಿರಲಿ. ಸಾಲದ ವಿಷಯದ ಸಂದೇಶ ಮೈದುನನ ಫೋನಿಗೆ ಹೋದರೆ ನಿಮಗೆ ತಿಳಿಯುವುದು ಹೇಗೆ?

ಎರಡನೇ ಹೆಜ್ಜೆ: ಚಿಕ್ಕ ಸಾಲ, ಚೊಕ್ಕ ಕಂತು

ದಾಖಲೆ ಬೆಳೆಯಬೇಕಾದರೆ ಸಾಲವೊಂದನ್ನು ತೆಗೆದು ಕ್ರಮವಾಗಿ ತೀರಿಸಬೇಕು. ಹಾಗೆಂದು ಬೇಡದ ಸಾಲ ಮಾಡಬೇಡಿ. ಹೇಗೂ ಬೇಕಾಗುವ ಹಣವನ್ನೇ ಕೈಸಾಲದ ಬದಲು ಬ್ಯಾಂಕಿನಿಂದ ತೆಗೆಯಿರಿ. ನಿಮಗೆ ಇರುವ ದಾರಿಗಳು ಇವು:

ಕಿಸಾನ್ ಕ್ರೆಡಿಟ್ ಕಾರ್ಡ್: ಮೊದಲು ಮುಖ್ಯವಾಗಿ ಬೆಳೆಗೆ ಇದ್ದ ಈ ಸೌಲಭ್ಯವನ್ನು 2018–19ರ ಕೇಂದ್ರ ಬಜೆಟ್ಟಿನಲ್ಲಿ ಪಶುಪಾಲನೆಗೂ ವಿಸ್ತರಿಸಲಾಯಿತು. ಹೊಲ ನಿಮ್ಮ ಹೆಸರಿನಲ್ಲಿಲ್ಲ ಎಂದು ಹಿಂಜರಿಯಬೇಡಿ. ಸ್ವಂತದ ಅಥವಾ ಬಾಡಿಗೆಯ ಕೊಟ್ಟಿಗೆ ಇರುವ ಹೈನುಗಾರರು, ಜಂಟಿ ಗುಂಪುಗಳು, ಸ್ವಸಹಾಯ ಸಂಘಗಳು ಇದಕ್ಕೆ ಅರ್ಹರು. ಮೇವು, ಹಿಂಡಿ, ಬೂಸಾ, ಔಷಧಿ, ಕೂಲಿ, ನೀರು-ವಿದ್ಯುತ್ತಿನಂತಹ ದಿನದ ಖರ್ಚಿಗೆ ಈ ಹಣ. ಹಸು ಕೊಳ್ಳುವುದಕ್ಕಲ್ಲ, ಅದಕ್ಕೆ ಕಂತಿನ ಸಾಲ ಬೇರೆ ಇದೆ. 2025ರ ಜನವರಿಯಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಮತ್ತು ಪಶುಪಾಲನೆ ಸಾಲಕ್ಕೆ ಅಡಮಾನ ಕೇಳುವಂತಿಲ್ಲ.

ಜನಧನ್ ಖಾತೆಯ ಓವರ್‌ಡ್ರಾಫ್ಟ್: ಖಾತೆಯನ್ನು ಚೆನ್ನಾಗಿ ನಡೆಸಿದ್ದರೆ 10,000 ರೂಪಾಯಿವರೆಗೆ ಸಿಗುತ್ತದೆ. ಮನೆಗೊಬ್ಬರಿಗೆ, ಅದರಲ್ಲೂ ಮಹಿಳೆಗೆ ಆದ್ಯತೆ.

ಬ್ಯಾಂಕಿನ ಚಿನ್ನದ ಸಾಲ: ಇದೂ ವರದಿಗೆ ಹೋಗುತ್ತದೆ. ಹೊತ್ತಿಗೆ ಬಿಡಿಸಿಕೊಂಡರೆ ಒಳ್ಳೆಯ ಗುರುತು, ಹರಾಜಿಗೆ ಬಿಟ್ಟರೆ ಕೆಟ್ಟ ಗುರುತು. ಊರಿನ ಗಿರವಿ ಅಂಗಡಿಯಲ್ಲಿಟ್ಟ ಓಲೆ ಎಷ್ಟು ಸಲ ಬಿಡಿಸಿದರೂ ಲೆಕ್ಕಕ್ಕಿಲ್ಲ.

ಗುಂಪಿನ ಸಾಲ: ಮೈಕ್ರೋಫೈನಾನ್ಸ್ ಸಾಲ ಗುಂಪಿನಲ್ಲಿ ಸಿಕ್ಕರೂ ಪ್ರತಿಯೊಬ್ಬರ ಹೆಸರಿನಲ್ಲಿ ದಾಖಲಾಗುತ್ತದೆ. ಒಂದು ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂಬುದು 2022ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮ. ನನ್ನ ಸಲಹೆ ಇನ್ನೂ ಬಿಗಿ. ಬಟವಾಡೆಯ ಹಣವೆಲ್ಲ ಆದಾಯವಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೇವು-ಹಿಂಡಿಗೇ ಹೋಗುತ್ತದೆ. ಅದನ್ನು ಕಳೆದು ಕೈಯಲ್ಲಿ ಉಳಿಯುವುದರ ಮೂರನೇ ಒಂದು ಭಾಗಕ್ಕಿಂತ ಕಂತು ಹೆಚ್ಚಾಗದಿರಲಿ. ಒಂದು ಗುಂಪಿನ ಕಂತು ಕಟ್ಟಲು ಇನ್ನೊಂದು ಗುಂಪಿನಲ್ಲಿ ಸಾಲ ತೆಗೆಯುವ ದಿನ ಬಂದರೆ, ಅಲ್ಲಿಗೇ ನಿಲ್ಲಿಸಿ ಮನೆಯವರೊಡನೆ ಕುಳಿತು ಮಾತನಾಡಿ.

ಹಸು ಬತ್ತಿದಾಗಲೂ ಕಂತು ಬತ್ತುವುದಿಲ್ಲ

ಪಶುವೈದ್ಯೆಯಾಗಿ ನಾನು ಹೇಳಲೇಬೇಕಾದ ಮಾತೊಂದಿದೆ. ಎಷ್ಟೋ ಹೈನುಗಾರರ ಅಂಕ ಕೆಡುವುದು ಕೆಟ್ಟ ಬುದ್ಧಿಯಿಂದಲ್ಲ, ಹಸುವಿನ ಲೆಕ್ಕವನ್ನೂ ಕಂತಿನ ಲೆಕ್ಕವನ್ನೂ ಜೋಡಿಸದೆ ಹೋದದ್ದರಿಂದ.

ಹಸು ಸುಮಾರು 300 ದಿನ ಹಾಲು ಕೊಡುತ್ತದೆ. ಮುಂದಿನ ಕರುವಿಗೆ ಮುಂಚೆ 60 ದಿನ ಬತ್ತಿಸಲೇಬೇಕು, ಇಲ್ಲದಿದ್ದರೆ ಮುಂದಿನ ಸೂಲಿಗೇ ಪೆಟ್ಟು. ಆ ಎರಡು ತಿಂಗಳು ಹಾಲಿಲ್ಲ. ಆದರೆ ಕಂತಿಗೆ ರಜೆಯಿಲ್ಲ.

ಒಂದು ಲೆಕ್ಕ ನೋಡಿ. 80,000 ರೂಪಾಯಿ ಸಾಲವನ್ನು ವರ್ಷಕ್ಕೆ ಶೇ. 11ರ ಬಡ್ಡಿಯಲ್ಲಿ 36 ತಿಂಗಳಿಗೆ ತೆಗೆದರೆ ಕಂತು ತಿಂಗಳಿಗೆ ಸುಮಾರು 2,620 ರೂಪಾಯಿ. ಎರಡು ತಿಂಗಳಿಗೆ 5,240. ಹಸು ಹಾಲು ಕೊಡುವ 300 ದಿನವೂ ದಿನಕ್ಕೆ 18 ರೂಪಾಯಿ ಬೇರೆ ಎತ್ತಿಟ್ಟರೆ 5,400 ಆಗುತ್ತದೆ. ಅಷ್ಟರಲ್ಲಿ ಬತ್ತಿದ ಕಾಲದ ಎರಡು ಕಂತು ಕೈಯಲ್ಲಿರುತ್ತದೆ. ಅರ್ಧ ಲೀಟರ್ ಹಾಲಿನ ಹಣ! ಅದನ್ನು ಬೇರೆ ಆವರ್ತ ಠೇವಣಿಗೆ ಹಾಕಿದರೆ ಕೈ ಹಾಕಲು ಮನಸ್ಸಾಗುವುದಿಲ್ಲ.

ಇನ್ನೂ ಮೂರು ಮಾತು. ಎರಡು ಹಸು ಇದ್ದರೆ ಎರಡೂ ಒಂದೇ ಕಾಲಕ್ಕೆ ಬತ್ತದಂತೆ ಗರ್ಭಧಾರಣೆಯ ಸಮಯವನ್ನು ಹಿಂದುಮುಂದು ಮಾಡಿಕೊಳ್ಳಿ. ಕಂತಿನ ದಿನವನ್ನು ಬಟವಾಡೆ ಬೀಳುವ ದಿನದಿಂದ ನಾಲ್ಕೈದು ದಿನ ಬಿಟ್ಟು ಇಡಲು ಸಾಲ ತೆಗೆಯುವಾಗಲೇ ಕೇಳಿ. ಸಾಲದ ಹಸುವಿಗೆ ವಿಮೆ ತಪ್ಪಿಸಬೇಡಿ, ಕಿವಿ ಓಲೆ ಬಿದ್ದರೆ ಅಂದೇ ತಿಳಿಸಿ. ಹಸು ಸತ್ತರೂ ಸಾಲ ಸಾಯುವುದಿಲ್ಲ.

ಅಂಕ ಏರುವುದು, ಇಳಿಯುವುದು ಹೇಗೆ?

ಎಲ್ಲಕ್ಕಿಂತ ಹೆಚ್ಚಿನ ತೂಕ ಹೊತ್ತಿಗೆ ಸರಿಯಾಗಿ ಕಟ್ಟುವುದಕ್ಕೆ. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಕಂತಿನ ಗುರುತು ತಿಂಗಳು ತಿಂಗಳಾಗಿ ಕಾಣುತ್ತದೆ. ಸಾಲದ ಮಾಹಿತಿಯನ್ನು ಕನಿಷ್ಠ 7 ವರ್ಷ ಉಳಿಸಿಕೊಳ್ಳಬೇಕೆಂದು ಕಂಪನಿಗಳಿಗೆ ನಿಯಮವಿದೆ. ಕೆಚ್ಚಲು ಬಾವಿನಿಂದ ಒಂದು ಮೊಲೆ ಹೋದರೆ ಔಷಧಿ ಕೊಟ್ಟ ಮಾತ್ರಕ್ಕೆ ಮರಳಿ ಬರುವುದಿಲ್ಲ. ಇದೂ ಹಾಗೆಯೇ, ಬರದಂತೆ ನೋಡಿಕೊಳ್ಳುವುದೇ ಮದ್ದು.

ಒಂದೇ ತಿಂಗಳಲ್ಲಿ ನಾಲ್ಕು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಅಂಕ ಇಳಿಯುತ್ತದೆ. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಮಾತ್ರ ಒಂದು ಅಂಕವೂ ಇಳಿಯುವುದಿಲ್ಲ.

'ಅರ್ಧ ಕಟ್ಟಿ ಮುಗಿಸಿಬಿಡಿ' ಎಂದು ಯಾರಾದರೂ ರಾಜಿಗೆ ಕರೆದರೆ ಯೋಚಿಸಿ ಹೋಗಿ. ಹಾಗೆ ಮುಗಿಸಿದ ಸಾಲ ವರದಿಯಲ್ಲಿ 'ರಾಜಿಯಾಗಿದೆ' ಎಂದು ಬರುತ್ತದೆ, 'ಮುಗಿದಿದೆ' ಎಂದಲ್ಲ. ಮುಂದಿನ ಬ್ಯಾಂಕು ಅದನ್ನು ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. ಸಾಲ ಪೂರ್ತಿ ತೀರಿದಾಗ ಬಾಕಿ ಇಲ್ಲದ ಪತ್ರ ಕೇಳಿ ಪಡೆದು ಪೆಟ್ಟಿಗೆಯಲ್ಲಿಡಿ.

ನಿಮ್ಮ ಹೆಸರನ್ನು ಎರವಲು ಕೊಡಬೇಡಿ

ಇನ್ನೊಬ್ಬ ತಂಗಿಯ ವಿಷಯ ಹೇಳುತ್ತೇನೆ. ವಯಸ್ಸು ಮೂವತ್ತರೊಳಗೆ. ಮೂರು ಹಸು ಕಟ್ಟಿ ಚೆನ್ನಾಗಿ ನಡೆಸುತ್ತಿದ್ದಾಳೆ. ಅವಳಿಗೆ ಅಂಕ ಇತ್ತು, ಆದರೆ 600ಕ್ಕಿಂತ ಕೆಳಗೆ. "ನಾನು ಸಾಲವನ್ನೇ ಮಾಡಿಲ್ಲ ಮೇಡಂ" ಎಂದು ಅತ್ತಳು. ವರದಿ ತೆಗೆಸಿ ನೋಡಿದರೆ ಮೈದುನ ಅವಳ ಆಧಾರ್ ಮತ್ತು ಪ್ಯಾನ್ ಕೊಟ್ಟು ಅವಳ ಸಹಿ ಹಾಕಿಸಿ ಕಂತಿನ ಮೇಲೆ ಮೊಬೈಲ್ ತೆಗೆದಿದ್ದ. ಮನೆಯವನೇ ಅಲ್ಲವೇ ಎಂದು ಇವಳು ಸಹಿ ಹಾಕಿ ಮರೆತಿದ್ದಳು. ಅವನು ನಾಲ್ಕು ಕಂತು ಕಟ್ಟಿ ಬಿಟ್ಟುಬಿಟ್ಟಿದ್ದ.

ಇಲ್ಲಿ ದೂರು ಕೊಟ್ಟು ಅಳಿಸಲು ಏನೂ ಇರಲಿಲ್ಲ. ದಾಖಲೆ ಸುಳ್ಳಲ್ಲ, ಸಹಿ ಅವಳದೇ. ಉಳಿದ ಕಂತುಗಳನ್ನು ಅವಳೇ ಹಾಲಿನ ಹಣದಲ್ಲಿ ಕಟ್ಟಿ ಮುಗಿಸಿದಳು. ಬಾಕಿ ಇಲ್ಲದ ಪತ್ರ ಸಿಕ್ಕಿತು. ತಡವಾದ ತಿಂಗಳುಗಳ ಗುರುತು ಮಾತ್ರ ವರದಿಯಲ್ಲಿ ಹಾಗೇ ಇದೆ. ಹೊಸ ಒಳ್ಳೆಯ ಗುರುತುಗಳು ಬಂದಂತೆ ಅದರ ತೂಕ ಕಡಿಮೆಯಾಗಬೇಕು, ಅಲ್ಲಿಯವರೆಗೆ ಅವಳು ಕಾಯಬೇಕು.

ಜಾಮೀನು ಹಾಕುವುದೂ ಇಷ್ಟೇ ದೊಡ್ಡ ವಿಷಯ. ನೀವು ಜಾಮೀನಾದ ಸಾಲ ನಿಮ್ಮ ವರದಿಯಲ್ಲೂ ಕಾಣುತ್ತದೆ. ಅವರು ಕಟ್ಟದಿದ್ದರೆ ಪೆಟ್ಟು ನಿಮಗೂ ಬೀಳುತ್ತದೆ. ನಾದಿನಿಗೆ ಸೀರೆ ಎರವಲು ಕೊಡಿ, ಸಂಕೋಚವಿಲ್ಲ. ಪ್ಯಾನ್, ಆಧಾರ್, ಸಹಿ ಮತ್ತು ಓಟಿಪಿ ಎರವಲು ಕೊಡುವ ವಸ್ತುಗಳಲ್ಲ.

ಅಂಗಡಿಯ ಕ್ರೆಡಿಟ್ ಕಾರ್ಡ್ ಮತ್ತು 'ಪಾಯಿಂಟು'

ಪಟ್ಟಣದಲ್ಲಿ ಕೆಲಸಕ್ಕಿರುವ ಮಕ್ಕಳು 'ಅಮ್ಮ, ಕ್ರೆಡಿಟ್ ಕಾರ್ಡ್ ತಗೊ, ಪಾಯಿಂಟ್ ಬರುತ್ತೆ, ಉಡುಗೊರೆ ಬರುತ್ತೆ' ಎನ್ನುವುದನ್ನು ಕೇಳಿರುತ್ತೀರಿ. ಹೆಸರು ಒಂದೇ ಥರ ಇದ್ದರೂ ಅದು ಬೇರೆ, ಕಿಸಾನ್ ಕ್ರೆಡಿಟ್ ಕಾರ್ಡ್ ಬೇರೆ. ಈ ಕಾರ್ಡಿನಲ್ಲಿ ಬ್ಯಾಂಕು ನಿಮ್ಮ ಪರವಾಗಿ ಅಂಗಡಿಗೆ ಹಣ ಕೊಡುತ್ತದೆ, ತಿಂಗಳ ಕೊನೆಗೆ ಬಿಲ್ಲು ಕಳಿಸುತ್ತದೆ. ಹೇಳಿದ ದಿನದೊಳಗೆ ಬಿಲ್ಲನ್ನು ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ.

ಇದರ ರುಚಿ ನನಗೂ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ಕೂಟರಿನ ಪೆಟ್ರೋಲಿಗೆ ಪಾಯಿಂಟು ಬರುತ್ತದೆಂದು ಒಂದು ಕಾರ್ಡ್ ತೆಗೆದುಕೊಂಡೆ. ಪಾಯಿಂಟು ಸೇರಿಸಿ ಮಿಕ್ಸಿ ತೆಗೆಯುವ ಆಸೆ. ತಮ್ಮನ ಮದುವೆಯ ಖರ್ಚೂ ಕಾರ್ಡಿನ ಮೇಲೆ ಬಿತ್ತು. ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂದು ಸಣ್ಣ ಸಂಖ್ಯೆ ಬರೆದಿತ್ತು. ಅಷ್ಟು ಕಟ್ಟಿದರೆ ಸಾಕೆಂದು ಮೂರು ತಿಂಗಳು ಅಷ್ಟೇ ಕಟ್ಟಿದೆ. ಮಿಕ್ಸಿಯೇನೋ ಬಂತು, ಆದರೆ ಅದರ ಬೆಲೆಗಿಂತ ಹೆಚ್ಚು ಬಡ್ಡಿ ಕಟ್ಟಿದ್ದೆ. ಪದವಿ ಓದಿದ ನನಗೇ ಹೀಗಾಯಿತು. ಆದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇನೆ.

100 ರೂಪಾಯಿ ಖರ್ಚಿಗೆ ಒಂದು ಪಾಯಿಂಟು, ಒಂದು ಪಾಯಿಂಟಿಗೆ 25 ಪೈಸೆ ಎಂದಿಟ್ಟುಕೊಳ್ಳಿ. 10,000 ರೂಪಾಯಿ ಸಾಮಾನು ತಂದರೆ 100 ಪಾಯಿಂಟು, ಅಂದರೆ 25 ರೂಪಾಯಿ. ಬಿಲ್ಲು ಬಂದಾಗ ನೀವು ಕನಿಷ್ಠ ಮೊತ್ತವೆಂದು 500 ಮಾತ್ರ ಕಟ್ಟಿದಿರಿ. ಉಳಿದ 9,500ಕ್ಕೆ ತಿಂಗಳಿಗೆ ಶೇ. 3.5ರಂತೆ ಬಡ್ಡಿ 332 ರೂಪಾಯಿಗೂ ಮೇಲೆ. ಅದರ ಮೇಲೆ ಜಿಎಸ್‌ಟಿ ಬೇರೆ. 25 ರೂಪಾಯಿಯ ಆಸೆಗೆ 332 ಹೋಯಿತು! ಕಾರ್ಡ್ ಹಾಕಿ ಎಟಿಎಂನಲ್ಲಿ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ.

ಈಗ ಕಿಸಾನ್ ಕ್ರೆಡಿಟ್ ಕಾರ್ಡಿನ ಲೆಕ್ಕ ನೋಡಿ. ಪಶುಪಾಲನೆಗೆ 2 ಲಕ್ಷದವರೆಗೆ ಕೇಂದ್ರದ ಬಡ್ಡಿ ರಿಯಾಯಿತಿ ಯೋಜನೆಯಡಿ ಬಡ್ಡಿ ಶೇ. 7. ಹೊತ್ತಿಗೆ ಸರಿಯಾಗಿ ತೀರಿಸಿದವರಿಗೆ ಇನ್ನೂ ಶೇ. 3 ಕಡಿತ, ಕೊನೆಗೆ ಬೀಳುವುದು ಶೇ. 4. ಒಂದು ಲಕ್ಷವನ್ನು ಒಂದು ವರ್ಷ ಬಳಸಿದರೆ 7,000ದ ಜಾಗದಲ್ಲಿ 4,000. ಉಳಿತಾಯ 3,000 ರೂಪಾಯಿ. ಆ 3,000ವನ್ನು ಅಂಗಡಿ ಕಾರ್ಡಿನ ಪಾಯಿಂಟಿನಿಂದ ಪಡೆಯಬೇಕಾದರೆ ನೀವು 12 ಲಕ್ಷ ರೂಪಾಯಿ ಸಾಮಾನು ಕೊಳ್ಳಬೇಕು! ಹೈನುಗಾರ್ತಿಗೆ ನಿಜವಾದ 'ಪಾಯಿಂಟು' ಯಾವುದೆಂದು ನೀವೇ ಹೇಳಿ. ಅವಧಿ ಒಂದು ದಿನ ಮೀರಿದರೂ ಆ ಶೇ. 3 ಕೈತಪ್ಪುತ್ತದೆ ಎಂಬುದು ನೆನಪಿರಲಿ. ಈ ವರ್ಷದ ದರ ಮತ್ತು ಕಡೆಯ ದಿನಾಂಕವನ್ನು ನಿಮ್ಮ ಬ್ಯಾಂಕಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಸಹಕಾರ ಬ್ಯಾಂಕಿನಲ್ಲಿ ರಾಜ್ಯ ಸರ್ಕಾರದ ರಿಯಾಯಿತಿ ಏನಿದೆ ಎಂದೂ ಕೇಳಿ.

ಹಾಗಾದರೆ ಅಂಗಡಿಯ ಕಾರ್ಡ್ ಬೇಡವೇ ಬೇಡವೇ? ಹಾಗಲ್ಲ. ಸಾಲವೊಂದನ್ನು ಒಂದು ವರ್ಷ ಚೊಕ್ಕವಾಗಿ ನಡೆಸಿದ ಮೇಲೆ, ತಿಂಗಳ ಲೆಕ್ಕ ಬರೆಯುವ ಅಭ್ಯಾಸ ಇರುವವರು ಠೇವಣಿಯ ಮೇಲೆ ಕೊಡುವ ಕಾರ್ಡಿನಿಂದ ಶುರು ಮಾಡಬಹುದು. ಕೆಲವು ಸಾವಿರ ರೂಪಾಯಿ ಠೇವಣಿ ಇಟ್ಟರೆ ಅದರ ಆಧಾರದಲ್ಲಿ ಬ್ಯಾಂಕು ಕಾರ್ಡ್ ಕೊಡುತ್ತದೆ. ಸಂಬಳದ ಚೀಟಿ ಕೇಳುವುದಿಲ್ಲ, ಹಿಂದಿನ ಅಂಕವೂ ಅಷ್ಟಾಗಿ ಬೇಕಿಲ್ಲ, ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ಹೀಗೆ ನಡೆಸಿಕೊಂಡವರಿಗೆ ಮುಂದೆ ಹೆಚ್ಚು ಪಾಯಿಂಟು ಕೊಡುವ ಕಾರ್ಡುಗಳು ತಾವಾಗಿಯೇ ಬರುತ್ತವೆ. ನಿಯಮಗಳು ಮೂರೇ:

– ಮಿತಿ 15,000 ಇದ್ದರೆ ತಿಂಗಳಿಗೆ 4,500 ದಾಟಬೇಡಿ. ಮಿತಿಯ ಶೇ. 30ರೊಳಗೆ ಬಳಸಿದರೆ ಅಂಕಕ್ಕೆ ಒಳ್ಳೆಯದು.
– ಹೇಗೂ ಮಾಡುವ ಖರ್ಚಿಗೆ ಮಾತ್ರ ಬಳಸಿ: ಕರೆಂಟ್ ಬಿಲ್ಲು, ದಿನಸಿ. ಪಾಯಿಂಟಿಗಾಗಿ ಸಾಮಾನು ಕೊಳ್ಳಬೇಡಿ.
– ಬಿಲ್ಲಿನಲ್ಲಿ 'ಪೂರ್ತಿ ಮೊತ್ತ' ನೋಡಿ ಅದನ್ನೇ ಕಟ್ಟಿ. 'ಕನಿಷ್ಠ ಮೊತ್ತ' ಎಂಬ ಸಾಲು ನಿಮಗಲ್ಲ ಎಂದು ತಿಳಿಯಿರಿ.

ವಾರ್ಷಿಕ ಶುಲ್ಕ ಇದೆಯೇ ಎಂದು ಮೊದಲೇ ಕೇಳಿ. ಬಳಸದೆ ಬಿಟ್ಟ ಕಾರ್ಡಿನ ಶುಲ್ಕ ಬಾಕಿಯಾಗಿ ಅಂಕ ಕೆಟ್ಟವರೂ ಇದ್ದಾರೆ.

ವರ್ಷಕ್ಕೊಮ್ಮೆ ತಪಾಸಣೆ

ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವ ಹಾಗೆ ವರದಿಯ ತಪಾಸಣೆಯೂ ತಪ್ಪದಿರಲಿ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬ ನಿಯಮ 2017ರಿಂದ ಇದೆ. ಮೂರು ತಿಂಗಳಿಗೆ ಒಂದು ಕಂಪನಿಯಂತೆ ಕೇಳಿದರೆ ವರ್ಷಪೂರ್ತಿ ಕಣ್ಣಿಟ್ಟ ಹಾಗಾಗುತ್ತದೆ. ಪ್ಯಾನ್ ಮತ್ತು ಮೊಬೈಲ್ ಹಿಡಿದು ಓದಿದ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕಂಪನಿಯ ಸ್ವಂತ ಜಾಲತಾಣದಲ್ಲೇ ನೋಡಿ.

ನೀವು ತೆಗೆಯದ ಸಾಲ ಇದೆಯೇ, ತೀರಿಸಿದ ಸಾಲ ಇನ್ನೂ ಬಾಕಿ ಎಂದಿದೆಯೇ, ಹೆಸರು, ಹುಟ್ಟಿದ ದಿನ ಸರಿಯಿದೆಯೇ ನೋಡಿ. ತಪ್ಪಿದ್ದರೆ ಆ ಕಂಪನಿಗೂ ಸಾಲ ಕೊಟ್ಟವರಿಗೂ ಲಿಖಿತ ದೂರು ಕೊಡಿ. 30 ದಿನದೊಳಗೆ ಸರಿಪಡಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅಲ್ಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಅದರ ಬಗ್ಗೆ ಕೇಳಲು ಉಚಿತ ಸಂಖ್ಯೆ 14448.

ದುಡ್ಡು ಕೊಟ್ಟರೆ ಅಂಕ ಏರಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಸರಿಯಾದ ಗುರುತನ್ನು ಯಾರೂ ಅಳಿಸಲಾರರು, ತಪ್ಪು ಗುರುತನ್ನು ಅಳಿಸಲು ದುಡ್ಡು ಬೇಕಿಲ್ಲ. ಫೋನಿನಲ್ಲಿ ಓಟಿಪಿ ಕೇಳಿ ಯಾರಾದರೂ ಹಣ ಲಪಟಾಯಿಸಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆ ಅಕ್ಕ ಈಗ

ಶಿಬಿರದಲ್ಲಿ ನನ್ನನ್ನು ಕೇಳಿದ ಅಕ್ಕ ಅದೇ ತಿಂಗಳು ಬಟವಾಡೆಯನ್ನು ತಮ್ಮ ಖಾತೆಗೆ ಬದಲಾಯಿಸಿಕೊಂಡರು. ಮನೆಯಲ್ಲಿ ಮಾತು ಬಂತು. "ಹಸು ನೋಡ್ಕೊಳ್ಳೋದು ನಾನು, ಸಾಲ ಸಿಕ್ಕರೆ ನಮ್ಮ ಮನೆಗೇ ತಾನೆ" ಎಂದು ಅವರೇ ಉತ್ತರ ಕೊಟ್ಟರಂತೆ. ಆರು ತಿಂಗಳ ನಂತರ ಸಂಘದ ಹಾಲಿನ ಲೆಕ್ಕವನ್ನು ಹಿಡಿದು ಹೋಗಿ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 40,000 ತೆಗೆದರು. ಅವಧಿಗೆ ಹತ್ತು ದಿನ ಮುಂಚೆಯೇ ಪೂರ್ತಿ ಕಟ್ಟಿದರು. ಮುಂದಿನ ವರ್ಷ ಹಸುವಿನ ಸಾಲಕ್ಕೆ ಹೋದಾಗ ಅವರಿಗೆ ಅಂಕ ಇತ್ತು.

ಮೊನ್ನೆ ಆ ಹೊಸ ಹಸುವಿನ ವಿಮೆಗೆ ಆರೋಗ್ಯ ಪ್ರಮಾಣಪತ್ರ ಬರೆಯಲು ನಾನೇ ಹೋಗಿದ್ದೆ. ಅರ್ಜಿಯಲ್ಲಿ 'ಮಾಲೀಕರ ಹೆಸರು' ಎಂಬ ಜಾಗ ಬಂದಾಗ ಅಭ್ಯಾಸದಂತೆ ಯಜಮಾನರ ಹೆಸರು ಕೇಳಿದೆ. "ನನ್ನದೇ ಬರೀರಿ ಡಾಕ್ಟ್ರಮ್ಮ" ಎಂದರು. ತಪ್ಪು ನನ್ನದು, ತಿದ್ದಿಕೊಂಡೆ.

ಈ ತಿಂಗಳು ನೀವು ಮಾಡಬೇಕಾದ್ದು

1. ಹಾಲಿನ ಹಣ ಯಾರ ಖಾತೆಗೆ ಬರುತ್ತಿದೆ ನೋಡಿ, ನಿಮ್ಮ ಖಾತೆಗೆ ಬದಲಾಯಿಸಿಕೊಳ್ಳಿ.
2. ಪ್ಯಾನ್ ಮತ್ತು ಸ್ವಂತ ಮೊಬೈಲ್ ಸಂಖ್ಯೆಯನ್ನು ಬ್ಯಾಂಕಿಗೆ ಜೋಡಿಸಿ.
3. ಒಂದು ಕಂಪನಿಯಿಂದ ಉಚಿತ ವರದಿ ತೆಗೆದು ನೋಡಿ.
4. ಇರುವ ಎಲ್ಲ ಕಂತುಗಳ ದಿನಾಂಕವನ್ನು ಕ್ಯಾಲೆಂಡರಿನಲ್ಲಿ, ಹಸು ಬತ್ತಿಸುವ ದಿನದ ಪಕ್ಕದಲ್ಲೇ ಬರೆಯಿರಿ.
5. ದಿನಕ್ಕೆ ಅರ್ಧ ಲೀಟರ್ ಹಾಲಿನ ಹಣ ಬೇರೆ ಎತ್ತಿಡಿ.

ಸಂದೇಹವಿದ್ದರೆ ನಿಮ್ಮ ಡೇರಿಗೆ ನಾನು ಬಂದಾಗ ಕೇಳಿ. ಹಸುವಿನ ಮೈ ಮುಟ್ಟಿ ನೋಡಿದ ಮೇಲೆ ವರದಿಯನ್ನೂ ಒಟ್ಟಿಗೆ ಕುಳಿತು ಓದೋಣ.

– ಪಶುವೈದ್ಯಾಧಿಕಾರಿ